ಬೆಂಗಳೂರಿನಿಂದ ಮಲ್ಪೆಯ ಕಡಲಿಗೆ: ಚಳಿಗಾಲದಲ್ಲಿ ಗೆಳೆಯರೊಡನೆ ತಾಟೆ ಮೀನಿನ ದೋಣಿಯಾನಕ್ಕೊಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಕೆರೆಗಳ ದಂಡೆಯಲ್ಲಿ ಕಾಟ್ಲಾ, ರೋಹುಗಳಿಗೆ ಗಾಳ ಹಾಕಿ ಕೈ ಪಳಗಿಸಿಕೊಂಡವರಿಗೆ ಒಂದಲ್ಲ ಒಂದು ದಿನ ಕಡಲಿನ ಆಸೆ ಹುಟ್ಟುತ್ತದೆ, ಮತ್ತು ಆ ಆಸೆಯ ತುದಿಯಲ್ಲಿ ಬಹುತೇಕ ಯಾವಾಗಲೂ ಶಾರ್ಕ್ ಇರುತ್ತದೆ. ಕರಾವಳಿಯ ತುಳು ಮಾತಿನಲ್ಲಿ ಅದು ತಾಟೆ, ಕೊಂಕಣಿಯಲ್ಲಿ ಮೋರಿ. ಐದಾರು ಗೆಳೆಯರು ಸೇರಿ ಚಳಿಗಾಲದ ಒಂದು ವಾರಾಂತ್ಯದಲ್ಲಿ ಉಡುಪಿ ಜಿಲ್ಲೆಯ ಮಲ್ಪೆಯಿಂದ ದೋಣಿಯಲ್ಲಿ ಹೊರಟು, ತಾಟೆಯನ್ನು ಗಾಳದ ತುದಿಯಲ್ಲಿ ಕಂಡು, ಅದನ್ನು ಜೀವಂತವಾಗಿ ನೀರಿಗೆ ಬಿಟ್ಟು, ಊಟಕ್ಕೆ ಬೇರೆ ಮೀನನ್ನು ತರುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ‘ಜೀವಂತವಾಗಿ ಬಿಟ್ಟು’ ಎಂಬ ಮಾತನ್ನು ನಾನು ಅಲಂಕಾರಕ್ಕಾಗಿ ಸೇರಿಸಿಲ್ಲ. ಗಾಳ, ದಾರ, ಸಮಯ, ದೋಣಿಯ ಆಯ್ಕೆ ಎಲ್ಲವೂ ಆ ಒಂದು ತೀರ್ಮಾನದ ಮೇಲೆಯೇ ನಿಂತಿವೆ.

ನಮ್ಮ ಮೊದಲ ಯಾನದಲ್ಲಿ ಆ ತೀರ್ಮಾನ ಇರಲಿಲ್ಲ. ಸಿಕ್ಕಿದ್ದು ಎರಡೂವರೆ ಅಡಿಯ ಸಣ್ಣ ತಾಟೆ. ತೀರಾ ತೆಳುವಾದ ದಾರದಲ್ಲಿ ಅದನ್ನು ನಲವತ್ತು ನಿಮಿಷ ಎಳೆದಾಡಿಸಿ, ಬಾಲ ಹಿಡಿದು ಮೇಲೆತ್ತಿ, ಆರು ಜನರೂ ಸರದಿಯಲ್ಲಿ ಫೋಟೊ ತೆಗೆಸಿಕೊಂಡು ನೀರಿಗೆ ಬಿಟ್ಟೆವು. ಅದು ಈಜಲಿಲ್ಲ; ಬಿಳಿ ಹೊಟ್ಟೆ ಮೇಲಾಗಿ ನಿಧಾನವಾಗಿ ಕೆಳಗಿಳಿದು ಹೋಯಿತು. ದೋಣಿ ನಡೆಸುವ ತಾಂಡೇಲರು ಏನೂ ಅನ್ನದೆ ಎಂಜಿನ್ನಿನ ಕಡೆ ತಿರುಗಿ ಕುಳಿತರು. ಈ ಬರಹದ ಹೆಚ್ಚಿನ ಸೂಚನೆಗಳು ಆ ದಿನದ ತಪ್ಪುಗಳನ್ನು ಒಂದೊಂದಾಗಿ ತಿದ್ದಿಕೊಳ್ಳುತ್ತ ಬಂದಾಗ ಕಲಿತವು.

ಮೊದಲು ಕಾನೂನು, ಆಮೇಲೆ ಗಾಳ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಚಳಿಗಾಲದ ಯಾನಕ್ಕೆ ಆ ತೊಡಕಿಲ್ಲ. ತೊಡಕಿರುವುದು ಮೀನಿನ ಜಾತಿಯಲ್ಲಿ. ತಿಮಿಂಗಿಲ ಶಾರ್ಕ್, ಗರಗಸ ಮೀನುಗಳು, ಗಂಗಾ ಶಾರ್ಕ್, ಪಾಂಡಿಚೇರಿ ಶಾರ್ಕ್ ಮೊದಲಾದವು 2001ರಿಂದಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿವೆ, ಅಂದರೆ ಹುಲಿಗಿರುವ ರಕ್ಷಣೆಯೇ ಇವಕ್ಕೂ ಇದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ತಾಟೆ ಮತ್ತು ತೊರಕೆಗಳ (ಚಪ್ಪಟೆ ಮೈಯ ರೇ ಮೀನುಗಳ) ಈ ಪಟ್ಟಿಯನ್ನು ಇನ್ನಷ್ಟು ದೊಡ್ಡದು ಮಾಡಿತು. ಪಟ್ಟಿಯಲ್ಲಿರುವ ಜಾತಿಯನ್ನು ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಅಪರಾಧವೇ. ಆದ್ದರಿಂದ ಹೊರಡುವ ಮೊದಲು ಉಡುಪಿಯ ಮೀನುಗಾರಿಕೆ ಇಲಾಖೆಯನ್ನೂ ಅರಣ್ಯ ಇಲಾಖೆಯನ್ನೂ ವಿಚಾರಿಸಿ, ಈಗ ಜಾರಿಯಲ್ಲಿರುವ ಪಟ್ಟಿಯ ಪ್ರತಿಯನ್ನು ಪಡೆದು, ಚಿತ್ರಗಳ ಸಹಿತ ಎಲ್ಲ ಗೆಳೆಯರಿಗೂ ಹಂಚಬೇಕು. ಸುತ್ತಿಗೆಯ ತಲೆಯ ತಾಟೆಯನ್ನು ಗುರುತಿಸಲು ಪಟ್ಟಿಯೂ ಬೇಕಿಲ್ಲ. ಅದು ಅಳಿವಿನ ಅಂಚಿನಲ್ಲಿರುವ ಜೀವಿ, ಮತ್ತು ನಮ್ಮ ಗುಂಪಿನಲ್ಲಿ ಅದರ ನೆರಳು ಕಂಡರೂ ಗಾಳ ಮೇಲೆತ್ತಿ ಜಾಗ ಬದಲಿಸುವ ನಿಯಮವಿದೆ.

ಕಡಲ ತೀರದ ಆಳವಿಲ್ಲದ ನೀರಿನಲ್ಲಿ ಸಾಮಾನ್ಯವಾಗಿ ಎದುರಾಗುವುದು ಚಪ್ಪಟೆ ಮೂತಿಯ ಸ್ಪೇಡ್‌ನೋಸ್, ಮಿಲ್ಕ್ ಶಾರ್ಕ್ ಮತ್ತು ರೆಕ್ಕೆಯ ತುದಿ ಕಪ್ಪಾಗಿರುವ ಬ್ಲ್ಯಾಕ್‌ಟಿಪ್ ಜಾತಿಗಳು. ಮೀನುಗಾರರ ಬಲೆಗೆ ಬಿದ್ದ ಸಣ್ಣ ತಾಟೆಯನ್ನು ಬಾಣಂತಿಯರಿಗೆ ಎದೆಹಾಲು ಹೆಚ್ಚಲೆಂದು ಅಡುಗೆ ಮಾಡಿಕೊಡುವ ವಾಡಿಕೆ ಕರಾವಳಿಯಲ್ಲಿ ಹಳೆಯದು, ಮಿಲ್ಕ್ ಶಾರ್ಕ್ ಎಂಬ ಇಂಗ್ಲಿಷ್ ಹೆಸರು ಹುಟ್ಟಿದ್ದೂ ಭಾರತದ ಇಂಥ ನಂಬಿಕೆಯಿಂದಲೇ. ಅವರ ಊಟದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಬಂಗುಡೆ ಒಂದು ಋತುವಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಟ್ಟರೆ, ಮಿಲ್ಕ್ ಶಾರ್ಕ್ ಸುಮಾರು ಒಂದು ವರ್ಷ ಗರ್ಭ ಹೊತ್ತು ಬೆರಳೆಣಿಕೆಯ ಮರಿಗಳನ್ನು ಹಾಕುತ್ತದೆ. ರಜೆಯ ಸಂತೋಷಕ್ಕೆಂದು ನಾನೂರು ಕಿಲೋಮೀಟರ್ ದೂರದಿಂದ ಹೋಗುವ ನಾವು ಆ ಲೆಕ್ಕಕ್ಕೆ ಕೈ ಹಾಕಬಾರದು.

ಜಾಗದ ವಿಷಯದಲ್ಲೂ ಮಿತಿಗಳಿವೆ. ಕಾರವಾರದ ಕದಂಬ ನೌಕಾನೆಲೆಯ ಸುತ್ತಲಿನ ನೀರು ಮತ್ತು ಹೊನ್ನಾವರದ ಬಳಿಯ ಅಪ್ಸರಕೊಂಡ–ಮುಗಳಿ ಸಾಗರ ವನ್ಯಜೀವಿ ಧಾಮ ನಮ್ಮ ನಕ್ಷೆಯಲ್ಲಿ ಇರಲೇಬಾರದು. ಮುರ್ಡೇಶ್ವರದ ಎದುರಿನ ನೇತ್ರಾಣಿಯಲ್ಲಿ ಮುಳುಗುಗಾರರು ನೀರಿಗಿಳಿಯುತ್ತಾರೆ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಪ್ರವಾಸಿಗರಿರುತ್ತಾರೆ. ತಾಟೆಯನ್ನು ಕರೆಯುವ ವಾಸನೆಯ ಮೇವನ್ನು ಇಂಥ ಕಡೆ ಚೆಲ್ಲುವುದು ಅಕ್ಷಮ್ಯ.

ದಿನ ಗೊತ್ತುಮಾಡುವುದು

ಡಿಸೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಅರಬ್ಬಿ ಕಡಲು ಈ ಭಾಗದಲ್ಲಿ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಬೆಳಗಿನ ಜಾವ ನೆಲದಿಂದ ಕಡಲ ಕಡೆಗೆ ಮೂಡುಗಾಳಿ ತೆಳುವಾಗಿ ಬೀಸುತ್ತದೆ, ಬಿಸಿಲೇರಿದ ಮೇಲೆ ಅದು ನಿಂತು, ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಕಡಲಗಾಳಿ ಎದ್ದು ನೀರು ಕುದಿಯತೊಡಗುತ್ತದೆ. ಈ ದಿನಚರಿಯನ್ನು ಅರಿತವರು ನಸುಕಿನಲ್ಲಿ ಹೊರಟು ಮಧ್ಯಾಹ್ನ ಒಂದು ಗಂಟೆಯೊಳಗೆ ದಡ ಸೇರುತ್ತಾರೆ.

‘ಚಳಿಗಾಲ’ ಎಂಬ ಮಾತನ್ನೇ ನಂಬಿ ಹೊರಡುವುದು ಮಾತ್ರ ಅಪಾಯ. 2017ರ ನವೆಂಬರ್ ಕೊನೆ ಮತ್ತು ಡಿಸೆಂಬರ್ ಆರಂಭದ ಓಖಿ ಚಂಡಮಾರುತ ಕೇರಳ, ತಮಿಳುನಾಡುಗಳ ಎಷ್ಟೋ ಮೀನುಗಾರರನ್ನು ಕಡಲಿನಲ್ಲಿಯೇ ನುಂಗಿತು. ಹೊರಡುವ ಮೂರು ದಿನ ಮೊದಲಿನಿಂದ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಸಾಗರ ಮುನ್ಸೂಚನೆಯನ್ನೂ ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯನ್ನೂ ದಿನಕ್ಕೆರಡು ಬಾರಿ ನೋಡಬೇಕು. ಅಲ್ಲಿ ಕೊಡುವ ‘ಅಲೆಯ ಎತ್ತರ’ ಎಂಬುದು ಅತಿ ದೊಡ್ಡ ಅಲೆಯ ಅಳತೆಯಲ್ಲ, ಎಲ್ಲಕ್ಕಿಂತ ಎತ್ತರವಾದ ಮೂರನೇ ಒಂದು ಪಾಲು ಅಲೆಗಳ ಸರಾಸರಿ ಎತ್ತರ. ಹಾಗಾಗಿ ಮುನ್ಸೂಚನೆ 1 ಮೀಟರ್ ಎಂದಿದ್ದರೆ, ನಡುನಡುವೆ ಅದರ ಎರಡರಷ್ಟಕ್ಕೆ ಹತ್ತಿರದ ಅಲೆಯೂ ಬಂದೇ ಬರುತ್ತದೆ. ಸಣ್ಣ ದೋಣಿಯಲ್ಲಿ ಹೊಸಬರಿದ್ದಾಗ 1 ಮೀಟರ್ ದಾಟಿದರೆ ನಾನು ಹೊರಡುವುದಿಲ್ಲ. ತಾಂಡೇಲರು ಬೇಡವೆಂದರೆ, ಮುನ್ಸೂಚನೆ ಏನೇ ಹೇಳಿದರೂ ಹೊರಡುವುದಿಲ್ಲ.

ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವಿಳಿತದ ಸೆಳೆತ ಹೆಚ್ಚಿ, ಸೀಸದ ಗುಂಡು ತಳದಲ್ಲಿ ನಿಲ್ಲದು. ಅಳಿವೆಯ ಬಾಯಿಯಲ್ಲಿ ಇಳಿತದ ನೀರೂ ಕಡಲ ಅಲೆಯೂ ಎದುರುಬದುರಾಗಿ ದೋಣಿ ಮಗುಚುವ ಸಂಭವವೂ ಆಗಲೇ ಹೆಚ್ಚು. ಅಷ್ಟಮಿಯ ಹತ್ತಿರದ ದಿನಗಳು ಹೊಸಬರಿಗೆ ಒಳ್ಳೆಯವು.

ಗುರುವಾರ ರಾತ್ರಿ ಬೆಂಗಳೂರು ಬಿಟ್ಟು, ಶುಕ್ರವಾರ ಮಲ್ಪೆಯಲ್ಲಿ ವಿಶ್ರಾಂತಿ ಮತ್ತು ಸಿದ್ಧತೆ ಮಾಡಿಕೊಂಡು, ಶನಿವಾರ ಕಡಲಿಗಿಳಿಯುವುದು ನಮ್ಮ ಕ್ರಮ. ಭಾನುವಾರವನ್ನು ಹವೆಗಾಗಿ ಮೀಸಲಿಡುತ್ತೇವೆ. ಶನಿವಾರ ಗಾಳಿ ಎದ್ದರೆ ಭಾನುವಾರ ಹೋಗಬಹುದು. ಮೀಸಲು ದಿನವಿಲ್ಲದ ಗುಂಪು, ಇಷ್ಟು ದೂರ ಬಂದಾಗಿದೆ ಎಂಬ ಒಂದೇ ಕಾರಣಕ್ಕೆ ಕೆಟ್ಟ ಕಡಲಿಗೆ ಇಳಿಯುತ್ತದೆ.

ಪ್ರಯಾಣ

ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟು ರಾತ್ರಿಯಿಡೀ ಸಾಗಿ ಬೆಳಿಗ್ಗೆ ಉಡುಪಿ ಮುಟ್ಟುತ್ತದೆ. ನನ್ನ ಮಟ್ಟಿಗೆ ಇದೇ ಉತ್ತಮ ದಾರಿ, ಏಕೆಂದರೆ ಶಿರಾಡಿ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡವರಿಗೆ ಕಡಲಿನಲ್ಲಿ ಅದು ಇಮ್ಮಡಿಯಾಗುತ್ತದೆ. ಕಾರಿನಲ್ಲಿ ಹೋಗುವುದಾದರೆ ಹಾಸನ, ಸಕಲೇಶಪುರದ ಮೇಲಿನ ಸುಮಾರು 400 ಕಿ.ಮೀ. ದಾರಿಯನ್ನು ಹಗಲಿನಲ್ಲಿ ಕ್ರಮಿಸಿ. ಚಳಿಗಾಲದ ನಸುಕಿನಲ್ಲಿ ಸಕಲೇಶಪುರದ ಸುತ್ತ ಮಂಜು ದಟ್ಟವಾಗಿರುತ್ತದೆ, ಮತ್ತು ರಾತ್ರಿಯಿಡೀ ಗಾಡಿ ಓಡಿಸಿದವನು ಮರುದಿನ ದೋಣಿಯಲ್ಲಿ ಗೆಳೆಯರಿಗೆ ಹೊರೆಯಾಗುತ್ತಾನೆ. ಎರಡು ತುಂಡಾಗುವ ಕೋಲುಗಳನ್ನು ಪಿವಿಸಿ ಪೈಪಿನಲ್ಲಿಟ್ಟು ಮುಚ್ಚಳ ಹಾಕಿದರೆ ರೈಲಿನ ಸೀಟಿನಡಿ ಸುರಕ್ಷಿತವಾಗಿರುತ್ತವೆ.

ದೋಣಿ ಮತ್ತು ತಾಂಡೇಲರು

ಮೀನುಗಾರಿಕೆಯ ಪರವಾನಗಿ ಇರುವ ದೋಣಿಗಳೆಲ್ಲ ಪ್ರವಾಸಿಗರನ್ನು ಒಯ್ಯುವಂತಿಲ್ಲ. ನೋಂದಣಿ ಸಂಖ್ಯೆ, ಜನರನ್ನು ಕರೆದೊಯ್ಯುವ ಅನುಮತಿ, ವಿಮೆ ಈ ಮೂರನ್ನೂ ಮುಂಗಡ ಕೊಡುವ ಮೊದಲೇ ಕೇಳಿ ನೋಡಬೇಕು. ಕೇಳಿದ್ದಕ್ಕೆ ಬೇಸರಿಸಿಕೊಳ್ಳುವವರ ದೋಣಿ ನಮಗೆ ಬೇಡ. ಒಮ್ಮೆ ನಾವು ದಕ್ಕೆಯಲ್ಲಿ ದೋಣಿ ಹತ್ತುವಾಗ ಆರು ಜನರಿಗೆ ಮೂರೇ ಜೀವರಕ್ಷಕ ಜಾಕೆಟ್ ಕಂಡು, ಕೊಟ್ಟ ಹಣವನ್ನು ಬಿಟ್ಟು ಇಳಿದು ಬಂದೆವು. ಅಂದು ಕಡಲು ತೊಟ್ಟಿಯ ನೀರಿನಂತೆ ನಿಶ್ಚಲವಾಗಿತ್ತು, ಆದರೂ ಆ ನಿರ್ಧಾರದ ಬಗ್ಗೆ ನಮ್ಮಲ್ಲಿ ಯಾರಿಗೂ ಪಶ್ಚಾತ್ತಾಪವಿಲ್ಲ.

ಆರು ಜನರಿಗೆ 28 ಅಡಿಗಿಂತ ಉದ್ದದ, ಎರಡು ಔಟ್‌ಬೋರ್ಡ್ ಎಂಜಿನ್ನುಗಳ ಫೈಬರ್ ದೋಣಿ ಸಾಕು. ಏಕಕಾಲಕ್ಕೆ ಮೂರಕ್ಕಿಂತ ಹೆಚ್ಚು ಗಾಳ ನೀರಿನಲ್ಲಿರಬಾರದು, ಉಳಿದವರು ಸಹಾಯಕ್ಕಿರಬೇಕು. ಇಂಧನದಲ್ಲಿ ಮೂರನೇ ಒಂದು ಪಾಲು ಹೋಗಲು, ಇನ್ನೊಂದು ಬರಲು, ಕೊನೆಯದು ಅಪಾಯಕ್ಕೆ. ವಿಎಚ್‌ಎಫ್ ರೇಡಿಯೊ ಇದ್ದು, 16ನೇ ಚಾನೆಲ್ಲಿನಲ್ಲಿ ಕೇಳುತ್ತಿರಬೇಕು. ದಡದಿಂದ ದೂರ ಸರಿದಂತೆ ಮೊಬೈಲ್ ಸಂಪರ್ಕ ತಪ್ಪುವುದರಿಂದ ರೇಡಿಯೊ ಇಲ್ಲದ ದೋಣಿಯನ್ನು ಹತ್ತಬೇಡಿ. ಸಂಪರ್ಕ ಇರುವಲ್ಲಿ ಕರಾವಳಿ ರಕ್ಷಣಾ ಪಡೆಯ 1554 ಮತ್ತು ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗಳು ಕೆಲಸಕ್ಕೆ ಬರುತ್ತವೆ. 2008ರ ಮುಂಬೈ ದಾಳಿಯ ನಂತರ ಕಡಲಿನಲ್ಲಿ ಗುರುತಿನ ತಪಾಸಣೆ ಬಿಗಿಯಾಗಿದೆ, ಆದ್ದರಿಂದ ಎಲ್ಲರ ಬಳಿಯೂ ಮೂಲ ಆಧಾರ್ ಕಾರ್ಡ್ ಇರಲಿ. ಯಾರು ಹೋಗಿದ್ದಾರೆ, ಎಷ್ಟು ಹೊತ್ತಿಗೆ ಮರಳುತ್ತಾರೆ ಎಂಬ ಚೀಟಿ ದಡದಲ್ಲಿ ಒಬ್ಬರ ಕೈಯಲ್ಲಿರಲಿ.

ಗಾಳ ಸಾಮಗ್ರಿ

ಕೆರೆಯ ಕೋಲು, ಕೆರೆಯ ರೀಲು ಇಲ್ಲಿ ನಡೆಯುವುದಿಲ್ಲ. ಅವು ಮುರಿದುಹೋಗುತ್ತವೆ ಎಂಬುದಷ್ಟೇ ಕಾರಣವಲ್ಲ. ದುರ್ಬಲ ಸಾಮಗ್ರಿಯಲ್ಲಿ ಹೋರಾಟ ಉದ್ದವಾಗಿ, ದಣಿದ ತಾಟೆ ಬಿಟ್ಟ ಮೇಲೂ ಸಾಯುತ್ತದೆ. ನಮ್ಮ ಮೊದಲ ತಾಟೆ ಸತ್ತದ್ದು ಹೀಗೆಯೇ.

ಆರೂವರೆ ಅಡಿಯ, 30ರಿಂದ 50 ಪೌಂಡ್ ತಾಳುವ ದೋಣಿಕೋಲು, ಉಪ್ಪುನೀರಿಗೆಂದೇ ಮಾಡಿದ 8000 ಅಳತೆಯ ಸ್ಪಿನ್ನಿಂಗ್ ರೀಲು, ಅದರಲ್ಲಿ 50 ಪೌಂಡಿನ 300 ಮೀಟರ್ ಹೆಣೆದ ದಾರ ಬೇಕು. ಅದರ ತುದಿಗೆ 100 ಪೌಂಡಿನ ದಪ್ಪ ನೈಲಾನ್ ದಾರವನ್ನು ಕನಿಷ್ಠ 2 ಮೀಟರ್ ಕಟ್ಟಬೇಕು, ಏಕೆಂದರೆ ತಾಟೆಯ ಚರ್ಮ ಉಪ್ಪುಕಾಗದದಷ್ಟು ಒರಟು, ಮತ್ತು ಅದು ಮೈ ತಿರುವಿದಾಗ ಹೆಣೆದ ದಾರ ಕ್ಷಣದಲ್ಲಿ ಸವೆದು ಹರಿಯುತ್ತದೆ. ಕೊನೆಯಲ್ಲಿ ಅರ್ಧ ಮೀಟರ್ ಉಕ್ಕಿನ ತಂತಿ, ಅದರ ತುದಿಗೆ ಗಾಳ.

ಗಾಳದ ಆಯ್ಕೆಯಲ್ಲಿ ಒಂದಿಷ್ಟೂ ಸಡಿಲಿಕೆ ಬೇಡ. ಮೊನೆ ಒಳಮುಖವಾಗಿ ಬಾಗಿರುವ, ಪಕ್ಕಕ್ಕೆ ತಿರುಚದ ಸರ್ಕಲ್ ಹುಕ್ ಮಾತ್ರ, 7/0 ಅಥವಾ 8/0 ಅಳತೆಯದು. ಸಾದಾ ಗಾಳವನ್ನು ಮೀನು ನುಂಗಿದರೆ ಅದು ಹೊಟ್ಟೆಯಲ್ಲಿ ಚುಚ್ಚುತ್ತದೆ. ಸರ್ಕಲ್ ಹುಕ್ ಗಂಟಲಿನಿಂದ ಜಾರಿ ಬಂದು ಹೆಚ್ಚಾಗಿ ಬಾಯಿಯ ಮೂಲೆಯಲ್ಲಿ ಕಚ್ಚಿಕೊಳ್ಳುತ್ತದೆ. ಸ್ಟೇನ್‌ಲೆಸ್ ಉಕ್ಕಿನದನ್ನು ಬಿಟ್ಟು ತುಕ್ಕು ಹಿಡಿಯುವ ಸಾಧಾರಣ ಉಕ್ಕಿನದನ್ನು ಕೊಂಡು, ಮೊನೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ತಂತಿ ಕತ್ತರಿಸಿ ಬಿಡಬೇಕಾಗಿ ಬಂದರೂ ಅಂಥ ಗಾಳ ಕಾಲಕ್ರಮದಲ್ಲಿ ಸವೆದು ಉದುರುತ್ತದೆ.

ರೀಲಿನ ಡ್ರ್ಯಾಗನ್ನು, ಅಂದರೆ ಎಷ್ಟು ಎಳೆತಕ್ಕೆ ದಾರ ಬಿಟ್ಟುಕೊಡಬೇಕೆಂದು ಹೊಂದಿಸುವ ಬಿಗಿತವನ್ನು, ಅಂದಾಜಿನಿಂದ ಬಿಗಿ ಮಾಡಬಾರದು. ಸೊಪ್ಪು, ತರಕಾರಿ ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ದಾರದ ತುದಿಗೆ ಸಿಕ್ಕಿಸಿ ಎಳೆದು, ಮುಳ್ಳು 6 ಕಿಲೊ ತೋರಿಸುವಾಗ ದಾರ ಬಿಟ್ಟುಕೊಡುವಂತೆ ಹೊಂದಿಸಿ. ಇದು ದಾರದ ತಾಕತ್ತಿನ ಸುಮಾರು ಕಾಲು ಭಾಗ. ಗಂಟುಗಳನ್ನು ಬೆಂಗಳೂರಿನಲ್ಲಿಯೇ, ಮನೆಯ ಕಿಟಕಿಯ ಸರಳಿಗೆ ಕಟ್ಟಿ ಎಳೆದು ಪರೀಕ್ಷಿಸಿ. ಹೆಣೆದ ದಾರಕ್ಕೆ ನೈಲಾನ್ ದಾರವನ್ನು ಜೋಡಿಸುವ ಎಫ್‌ಜಿ ಗಂಟನ್ನು ಓಲಾಡುವ ದೋಣಿಯಲ್ಲಿ ಕಲಿಯಲು ಸಾಧ್ಯವಿಲ್ಲ. ಇವುಗಳ ಜೊತೆಗೆ ಉದ್ದ ಹಿಡಿಯ ಗಾಳ ತೆಗೆಯುವ ಕೊಂಡಿ, ಬೋಲ್ಟ್ ಕತ್ತರಿ, ಒದ್ದೆಯಾದರೂ ಜಾರದ ಕೈಗವಸು ಕಡ್ಡಾಯವಾಗಿರಲಿ. ಈ ಮೂರಿಲ್ಲದೆ ತಾಟೆಯನ್ನು ಹಿಡಿಯಬಹುದು, ಬಿಡಲಾಗದು.

ಕಡಲಿನಲ್ಲಿ

ಹಿಂದಿನ ರಾತ್ರಿ ಮದ್ಯ ಬೇಡ, ಬೇಗ ಮಲಗಬೇಕು. ಕಡಲ ತೊಳಸಿಗೆ ಅವೊಮಿನ್‌ನಂಥ ಮಾತ್ರೆಯನ್ನು ವೈದ್ಯರನ್ನು ಕೇಳಿ ಮೊದಲೇ ತೆಗೆದುಕೊಂಡಿರಬೇಕು; ತೊಳಸು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಬೆಳಿಗ್ಗೆ ಎರಡು ಇಡ್ಲಿ ಸಾಕು. ಖಾಲಿ ಹೊಟ್ಟೆಯೂ ಎಣ್ಣೆಯ ಪೂರಿಯೂ ಸಮನಾಗಿ ಕೆಡುಕು. ತಲೆಗೆ ಅಗಲ ಟೊಪ್ಪಿ, ತುಂಬುತೋಳಿನ ಅಂಗಿ, ತಲಾ ನಾಲ್ಕು ಲೀಟರ್ ನೀರು.

ನಸುಕಿಗೆ ಮಲ್ಪೆಯ ಬಂದರಿನಲ್ಲಿ ಬಂಗುಡೆ, ಬೂತಾಯಿ (ಸಾರ್ಡೀನ್), ಬೊಂಡಾಸ್ (ಸ್ಕ್ವಿಡ್) ಮೂರನ್ನೂ ಕೊಳ್ಳಬಹುದು. ಎಣ್ಣೆಯಂಶ ಹೆಚ್ಚಿರುವ ಬೂತಾಯಿಯನ್ನು ಜಜ್ಜಿ, ಈರುಳ್ಳಿ ತುಂಬುವ ಬಲೆಚೀಲದಲ್ಲಿ ಹಾಕಿ ದೋಣಿಯ ಪಕ್ಕ ನೀರಿಗೆ ಇಳಿಬಿಟ್ಟರೆ, ವಾಸನೆ ಸೆಳೆತದ ಜೊತೆ ದೂರದವರೆಗೆ ಹಬ್ಬುತ್ತದೆ. ಬಂಗುಡೆಯ ಬಾಲ ಕತ್ತರಿಸಿ ಗಾಳಕ್ಕೆ ಕಟ್ಟಿದರೆ ನೀರಿನಲ್ಲಿ ಗಿರಗಿರ ತಿರುಗುವುದಿಲ್ಲ. ಬಲೂನನ್ನು ತೇಲುವ ಗುರುತಾಗಿ ಬಳಸುವವರಿದ್ದಾರೆ. ಒಡೆದ ರಬ್ಬರ್ ಆಮೆಯ ಹೊಟ್ಟೆ ಸೇರುವುದರಿಂದ ಮೀನುಗಾರರ ಹಳೆಯ ಬೆಂಡನ್ನೇ ಬಳಸಿ.

ದಡದಿಂದ 12 ನಾಟಿಕಲ್ ಮೈಲಿಯ, ಅಂದರೆ ಸುಮಾರು 22 ಕಿ.ಮೀ. ಒಳಗೆ, 20ರಿಂದ 30 ಮೀಟರ್ ಆಳದಲ್ಲಿ ಕೆಲಸ ಸಾಗುತ್ತದೆ. ತಳದಲ್ಲಿ ಕಲ್ಲುಬಂಡೆ ಇರುವ ಕಡೆ ತಾಂಡೇಲರಿಗೆ ಗೊತ್ತಿರುತ್ತದೆ. ಎಂಜಿನ್ ನಿಲ್ಲಿಸಿ ಮೂಡುಗಾಳಿಗೆ ದೋಣಿ ತಾನೇ ಪಡುವಣಕ್ಕೆ ಜಾರಲಿ; ಒಂದು ಗಾಳ ತಳದಿಂದ ಎರಡು ಮೀಟರ್ ಮೇಲೆ, ಇನ್ನೊಂದು ನಡುನೀರಿನಲ್ಲಿ. ಗಂಟೆಗೊಮ್ಮೆ ಜಿಪಿಎಸ್ ನೋಡಿ, ಎಷ್ಟು ದೂರ ಸರಿದಿದ್ದೇವೆ ಎಂದು ಅಳೆಯಿರಿ. ಮೊದಲ ಎರಡು ಗಂಟೆ ಏನೂ ಆಗದಿರುವುದು ಸಾಮಾನ್ಯ.

ದಾರ ಓಡತೊಡಗಿದಾಗ ಕೆರೆಯ ಅಭ್ಯಾಸದಂತೆ ಕೋಲನ್ನು ಎತ್ತಿ ಜಗ್ಗಬಾರದು. ಜಗ್ಗಿದರೆ ಸರ್ಕಲ್ ಹುಕ್ ಬಾಯಿಯಿಂದ ಹೊರಬಂದುಬಿಡುತ್ತದೆ. ಐದು ಎಣಿಸಿ, ರೀಲನ್ನು ಮುಚ್ಚಿ, ನಿಧಾನವಾಗಿ ಸುತ್ತುತ್ತ ಹೋಗಿ. ಭಾರ ಬಿದ್ದಾಗ ಗಾಳ ತನ್ನಷ್ಟಕ್ಕೆ ಕಚ್ಚಿರುತ್ತದೆ. ಉಳಿದ ಗಾಳಗಳನ್ನು ಕೂಡಲೇ ಮೇಲೆತ್ತಬೇಕು. ಹೋರಾಟಕ್ಕೆ 15 ನಿಮಿಷದ ಗಡಿ ಇರಲಿ, ಮೀನು ಬಗ್ಗದಿದ್ದರೆ ದೋಣಿಯನ್ನೇ ಅದರ ಕಡೆಗೆ ಒಯ್ಯಿರಿ.

ಬಿಡುವ ಕೆಲಸ

ತಾಟೆಗೆ ಮೂಳೆಯಿಲ್ಲ, ಇರುವುದು ಮೃದ್ವಸ್ಥಿ; ಒಳಗಿನ ಅಂಗಗಳನ್ನು ಹಿಡಿದಿಡುವ ಗಟ್ಟಿ ಪಕ್ಕೆಲುಬಿನ ಗೂಡೂ ಇಲ್ಲ. ನೀರಿನ ಆಸರೆಯಲ್ಲೇ ಇರುವ ಆ ದೇಹವನ್ನು ಬಾಲದಿಂದ ನೇತುಹಾಕಿದರೆ ತನ್ನದೇ ತೂಕಕ್ಕೆ ಒಳಗೆ ಗಾಯವಾಗುತ್ತದೆ. ಆದ್ದರಿಂದ ಅದನ್ನು ದೋಣಿಯೊಳಕ್ಕೆ ತರಲೇಬೇಡಿ. ಕೈಗವಸು ಹಾಕಿದ ಒಬ್ಬರು ತಂತಿಯನ್ನು ಕೈಗೆ ಸುತ್ತಿಕೊಳ್ಳದೆ ಹಿಡಿದು ತಲೆಯನ್ನು ನೀರಿನ ಮಟ್ಟದಲ್ಲಿ ನಿಲ್ಲಿಸಲಿ. ಇನ್ನೊಬ್ಬರು ಕೊಂಡಿಯಿಂದ ಗಾಳ ಬಿಡಿಸಲಿ. ಮೂರನೆಯವರು ಬೋಲ್ಟ್ ಕತ್ತರಿ ಹಿಡಿದು ಸಿದ್ಧವಾಗಿರಲಿ. ಕಿವಿರಿಗೆ ಬೆರಳು ಹಾಕಬಾರದು, ಬಾಯಿಯ ಹತ್ತಿರ ಕೈ ಒಯ್ಯಬಾರದು. ಫೋಟೊ ಬೇಕೆಂದರೆ ಮೀನು ನೀರಿನಲ್ಲಿರುವಾಗಲೇ, ಅರ್ಧ ನಿಮಿಷದೊಳಗೆ. ಗಾಳ ಒಳಗೆ ಸಿಕ್ಕಿದ್ದರೆ, ಅಥವಾ ಮೇಲೆ ಬಂದದ್ದು ರಕ್ಷಿತ ಜಾತಿ ಎಂಬ ಸಣ್ಣ ಅನುಮಾನವಿದ್ದರೂ, ಬಾಯಿಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ ತಂತಿ ಕತ್ತರಿಸಿ, ಆ ಜಾಗ ಬಿಟ್ಟು ಹೊರಡಿ.

ದಣಿದ ತಾಟೆಯನ್ನು ಗಾಳ ಬಿಡಿಸುವ ಮೊದಲು, ತಲೆ ಮುಂದಾಗಿರುವಂತೆ, ದೋಣಿಯ ಪಕ್ಕದಲ್ಲಿ ಅತಿ ನಿಧಾನವಾಗಿ ಒಂದೆರಡು ನಿಮಿಷ ಮುಂದಕ್ಕೆ ಒಯ್ದರೆ ಕಿವಿರಿನೊಳಗೆ ನೀರು ಹರಿದು ಅದು ಚೇತರಿಸಿಕೊಳ್ಳುತ್ತದೆ. ಬಾಲ ಬಲವಾಗಿ ಬೀಸತೊಡಗಿದ ಕ್ಷಣವೇ ಬಿಟ್ಟುಬಿಡಬೇಕು.

ತೊರಕೆ ಬಂದರೆ ಬಾಲದ ಮುಳ್ಳಿನಿಂದ ದೂರವಿದ್ದು ದಾರ ಕತ್ತರಿಸಿ. ಮುಳ್ಳು ಚುಚ್ಚಿದರೆ, ಸುಡದಂತೆ ತಾಳಬಹುದಾದ ಸುಮಾರು 45 ಡಿಗ್ರಿಯ ಬಿಸಿನೀರಿನಲ್ಲಿ ಗಾಯವನ್ನು ಅರ್ಧ ಗಂಟೆಗೂ ಹೆಚ್ಚು ಮುಳುಗಿಸುವುದರಿಂದ ನೋವು ಇಳಿಯುತ್ತದೆ. ಇದಕ್ಕಾಗಿ ಒಂದು ಫ್ಲಾಸ್ಕ್ ಬಿಸಿನೀರು ಒಯ್ದಿರಬೇಕು. ಹಲ್ಲಿನ ಗಾಯಕ್ಕೆ ಶುದ್ಧ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿದು, ತಕ್ಷಣ ದಡಕ್ಕೆ ಮರಳಿ ಮಣಿಪಾಲದ ಆಸ್ಪತ್ರೆಗೆ ಹೋಗಬೇಕು.

ಊಟದ ಮೀನು ಮತ್ತು ಮರಳುವಿಕೆ

ಮರಳುವ ದಾರಿಯಲ್ಲಿ ಹಿಂದೆ ಒಂದು ಲೂರ್ (ಕೃತಕ ಮೀನಿನ ಗಾಳ) ಎಳೆದುಕೊಂಡು ಬಂದರೆ ಅಂಜಲ್ (ಸುರ್ಮಯಿ) ಅಥವಾ ಕೇದರ್ (ಟ್ಯೂನಾ) ಸಿಗುವ ಸಂಭವವಿದೆ, ಬಂಡೆಯ ಮೇಲೆ ಗಾಳ ಇಳಿಬಿಟ್ಟರೆ ಮುರು (ಗ್ರೂಪರ್). ಆರು ಜನರಿಗೆ ಎರಡು ಮೀನು ಧಾರಾಳ. ಹಿಡಿದ ಕೂಡಲೇ ರಕ್ತ ಬಸಿದು, ಮೀನಿನ ತೂಕದಷ್ಟೇ ಮಂಜುಗಡ್ಡೆಯಲ್ಲಿ ಹೂಳಬೇಕು. ಅಂಜಲ್, ಕೇದರ್, ಬಂಗುಡೆಗಳು ಬಿಸಿಲಿನಲ್ಲಿ ಉಳಿದರೆ ಅವುಗಳಲ್ಲಿ ಹಿಸ್ಟಮಿನ್ ಹುಟ್ಟುತ್ತದೆ, ಆಮೇಲೆ ಎಷ್ಟು ಬೇಯಿಸಿದರೂ ಅದು ಹೋಗದು. ಬೆಂಗಳೂರಿನವರೆಗೆ ಒಯ್ಯುವುದಾದರೆ ನೀರು ಸೋರದ ಪೆಟ್ಟಿಗೆ ಬೇಕು. ನಾವಂತೂ ಮೀನನ್ನು ಮಲ್ಪೆಯಲ್ಲಿಯೇ ಸಾರು ಮಾಡಿಸಿ, ತಾಂಡೇಲರ ಜೊತೆ ಕುಳಿತು ಉಂಡು ಹೊರಡುತ್ತೇವೆ.

ಕೋಲು, ರೀಲುಗಳನ್ನು ಅಂದೇ ಸಂಜೆ ಸಿಹಿನೀರಿನಲ್ಲಿ ತೊಳೆಯಬೇಕು. ಡ್ರ್ಯಾಗನ್ನು ಬಿಗಿ ಮಾಡಿ, ನೀರನ್ನು ರಭಸವಾಗಿ ಹೊಡೆಯದೆ ಮೇಲಿನಿಂದ ಸುರಿದು, ಒರೆಸಿ ನೆರಳಿನಲ್ಲಿ ಒಣಗಿಸಿ. ಒಣಗಿದ ಮೇಲೆ ಸುತ್ತುವ ಭಾಗಗಳಿಗೆ ಎರಡು ಹನಿ ಎಣ್ಣೆ ಬಿಟ್ಟು, ಡ್ರ್ಯಾಗನ್ನು ಪೂರ್ತಿ ಸಡಿಲಿಸಿ ಪೆಟ್ಟಿಗೆಯಲ್ಲಿಡಿ. ದಪ್ಪ ನೈಲಾನ್ ದಾರವನ್ನು ಬೆರಳಿನಲ್ಲಿ ಸವರಿ ನೋಡಿ, ತಾಟೆಯ ಮೈ ಉಜ್ಜಿ ಒರಟಾಗಿರುವ ಭಾಗವನ್ನು ಕತ್ತರಿಸಿ ತೆಗೆದುಬಿಡಿ.